ನಿಶ್ಚಲ ಗಾಳಿಯ ಒಳಗೆ

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆಯಿಂದ ಮಂಚ, ಮೇಜು, ಬೀರು ಎಲ್ಲವನ್ನೂ ಹೊರಗೆ ಸಾಗಿಸಿ, ಗುಡಿಸಿ ಒರೆಸಿ ಖಾಲಿ ಮಾಡಿದರೂ ಒಳಗೆ ಒಂದು ಅಕ್ಕಿ ಮೂಟೆಯಷ್ಟು ಭಾರ ಉಳಿದೇ ಇರುತ್ತದೆ. ಅದು ಗಾಳಿಯ ಭಾರ. ಬೆಂಗಳೂರಿನಲ್ಲಾದರೆ ಸುಮಾರು 30 ಕಿಲೋ. ಸಮುದ್ರದ ಪಕ್ಕದ ಮಂಗಳೂರಿನಲ್ಲಾದರೆ 33ರ ಹತ್ತಿರ. ಖಾಲಿ ಎಂದು ನಾವು ಕರೆಯುವ ಜಾಗ ಎಂದೂ ಖಾಲಿಯಿಲ್ಲ.

ಆ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ ಸುಮ್ಮನೆ ಕೂತರೆ ಗಾಳಿ ಇದೆ ಎನ್ನುವುದೇ ಮರೆತುಹೋಗುತ್ತದೆ. ಸೂರಿನಿಂದ ಇಳಿಬಿಟ್ಟ ದಾರ ಅಲುಗುವುದಿಲ್ಲ. ಮುಖಕ್ಕೆ ಏನೂ ಸೋಕುವುದಿಲ್ಲ. ಅದೇ ಹೊತ್ತಿನಲ್ಲಿ ಗಾಳಿಯ ಅಣುಗಳು ಸರಾಸರಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತಿರುತ್ತವೆ, ಶಬ್ದಕ್ಕಿಂತಲೂ ಜೋರಾಗಿ. ಅಂಗೈಯ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಬಂದು ಬಡಿಯುವ ಅಣುಗಳ ಸಂಖ್ಯೆ ಬರೆಯಹೊರಟರೆ 2ರ ಮುಂದೆ 23 ಸೊನ್ನೆ ಇಟ್ಟರೂ ಸಾಲದು. ಅಷ್ಟೂ ಏಟುಗಳ ಮೊತ್ತವನ್ನೇ ನಾವು ಒತ್ತಡ ಎನ್ನುವುದು. ಇಡೀ ಅಂಗೈ ಮೇಲೆ ಅದು 90 ಕಿಲೋ ಹೇರಿದಂತೆ. ಕೈಯ ಹಿಂಬದಿಗೂ ಅಷ್ಟೇ ಏಟು ಬೀಳುತ್ತಿರುವುದರಿಂದ ಕೈ ಕುಸಿಯುವುದಿಲ್ಲ, ನಮಗೆ ಗೊತ್ತೂ ಆಗುವುದಿಲ್ಲ.

ಈ ಮೌನ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಒಂದೊಂದು ಅಣುವೂ ಎತ್ತೆಂದರತ್ತ ನುಗ್ಗುತ್ತಿದೆ, ಯಾವುದಕ್ಕೂ ಗುರಿಯಿಲ್ಲ, ಯಾವುದೂ ಇನ್ನೊಂದರ ಮಾತು ಕೇಳುವುದಿಲ್ಲ. ಆದರೂ ಅವೆಲ್ಲ ಸೇರಿ ಉಂಟುಮಾಡುವ ಒತ್ತಡ ಈ ಗೋಡೆಯ ಮೇಲೂ ಆ ಗೋಡೆಯ ಮೇಲೂ ಒಂದೇ ಸಮ. ಈ ಕ್ಷಣವೂ ಮುಂದಿನ ಕ್ಷಣವೂ ಒಂದೇ ಸಮ. ಇಷ್ಟು ದೊಡ್ಡ ಗಲಭೆ ಇಷ್ಟು ದೊಡ್ಡ ನೆಮ್ಮದಿಯಾಗಿ ನಮ್ಮನ್ನು ಮುಟ್ಟುವುದು ಹೇಗೆ?

ಅನಿಲಗಳ ನಡತೆಯಲ್ಲಿ ಒಂದು ಕಟ್ಟುನಿಟ್ಟು ಇದೆ ಎಂಬುದು ಅಣುಗಳ ಕತೆಗಿಂತ ಮೊದಲೇ ಗೊತ್ತಾಗಿತ್ತು. ರಾಬರ್ಟ್ ಬಾಯ್ಲ್ ಬಾಗಿದ ಗಾಜಿನ ಕೊಳವೆಯಲ್ಲಿ ಗಾಳಿಯನ್ನು ಸೆರೆಹಿಡಿದು, ಮೇಲಿಂದ ಪಾದರಸ ಸುರಿದು, ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆಂದು 1662ರಲ್ಲಿ ಪ್ರಕಟಿಸಿದ. ಯಾಕೆ ಹಾಗೆ ಎಂಬುದಕ್ಕೆ ಡೇನಿಯಲ್ ಬರ್ನೂಲಿ 1738ರಲ್ಲಿ ಒಂದು ವಿವರಣೆ ಕೊಟ್ಟ. ಗಾಳಿಯೆಂದರೆ ಅತ್ತಿತ್ತ ಓಡಾಡುವ ಸಣ್ಣ ಕಣಗಳು. ಜಾಗ ಅರ್ಧವಾದರೆ ಗೋಡೆಗೆ ಅವು ಬಡಿಯುವುದು ಇಮ್ಮಡಿಯಾಗುತ್ತದೆ, ಅಷ್ಟೇ. ಇಂದು ಶಾಲೆಯ ಮಕ್ಕಳಿಗೂ ಹೇಳಿಕೊಡುವ ಈ ಮಾತನ್ನು ನೂರು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಷ್ಣವೆಂದರೆ ವಸ್ತುಗಳೊಳಗೆ ಹರಿದಾಡುವ ಒಂದು ಸೂಕ್ಷ್ಮ ದ್ರವ ಎಂಬ ನಂಬಿಕೆ ಆಗ ಅಷ್ಟು ಬಲವಾಗಿತ್ತು.

ಉಷ್ಣವೂ ಓಟವೂ ಒಂದೇ ಎನ್ನುವುದಕ್ಕೆ ಸಾಕ್ಷಿ ಸೈಕಲ್ ಪಂಪಿನಲ್ಲೇ ಇದೆ. ಟೈರಿಗೆ ಜೋರಾಗಿ ಗಾಳಿ ಹೊಡೆಯುತ್ತ ಹೋದರೆ ಪಂಪಿನ ಕೊಳವೆ ಬಿಸಿಯಾಗುತ್ತದೆ. ಕೈಯಿಟ್ಟು ನೋಡಿದರೆ ಬಿಸಿ ಹೆಚ್ಚಿರುವುದು ಹಿಡಿಯ ಕಡೆ ಅಲ್ಲ, ಬುಡದ ಕಡೆ. ಒಳಗಿನ ವಾಷರ್ ಕೊಳವೆಯ ಉದ್ದಕ್ಕೂ ಉಜ್ಜುತ್ತದೆ. ಉಜ್ಜಿದ ಬಿಸಿ ಮಾತ್ರ ಆಗಿದ್ದರೆ ಅದು ಉದ್ದಕ್ಕೂ ಹರಡಬೇಕಿತ್ತು. ಬುಡದಲ್ಲಿ ನಡೆಯುತ್ತಿರುವುದೇ ಬೇರೆ. ಕೆಳಗೆ ನುಗ್ಗಿಬರುವ ವಾಷರಿಗೆ ಎದುರಿನಿಂದ ಬಡಿದ ಅಣು, ಬಂದದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಹಿಂದಿರುಗುತ್ತದೆ. ಒಂದೊಂದು ಒತ್ತಿಗೂ ಲೆಕ್ಕವಿಲ್ಲದಷ್ಟು ಅಣುಗಳು ಹೀಗೆ ವೇಗ ಗಳಿಸುತ್ತವೆ. ಆ ವೇಗವೇ ನಮ್ಮ ಬೆರಳಿಗೆ ಬಿಸಿಯಾಗಿ ತಾಗುವುದು. ಅದೇ ಟೈರಿನ ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದೆ. ಹೊರಗಿನ ಗಾಳಿಯನ್ನು ದೂಡಿಕೊಂಡು ಹೋಗುವ ಕೆಲಸದಲ್ಲಿ ಅಣುಗಳು ತಮ್ಮ ವೇಗವನ್ನೇ ಖರ್ಚು ಮಾಡಿರುತ್ತವೆ.

ಈ ವಿಚಾರವನ್ನು ಮೊದಲ ಸಲ ಪೂರ್ತಿಯಾಗಿ, ಗಣಿತದ ಸಮೇತ ಬರೆದವರಲ್ಲಿ ಒಬ್ಬಾತ ಅದನ್ನು ಬರೆದದ್ದು ನಮ್ಮ ಮುಂಬಯಿಯಲ್ಲಿ. ಜಾನ್ ಜೇಮ್ಸ್ ವಾಟರ್‌ಸ್ಟನ್, ಎಡಿನ್‌ಬರೋದಲ್ಲಿ ಹುಟ್ಟಿದವ. ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳಲು 1839ರಲ್ಲಿ ಮುಂಬಯಿಗೆ ಬಂದಿದ್ದ. ಪಾಠದ ನಡುವಿನ ಬಿಡುವಿನಲ್ಲಿ ಅಣುಗಳ ಓಟದ ಮೇಲೆ ಒಂದು ದೀರ್ಘ ಪ್ರಬಂಧ ಬರೆದು 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದ. ಬೇರೆ ಬೇರೆ ಅನಿಲಗಳು ಒಂದೇ ಉಷ್ಣತೆಯಲ್ಲಿ ಬೆರೆತಾಗ ಹಗುರ ಅಣುಗಳು ಹೆಚ್ಚು ವೇಗದಲ್ಲಿ, ಭಾರದವು ಕಡಿಮೆ ವೇಗದಲ್ಲಿ ಓಡುತ್ತವೆ, ಆದರೆ ಸರಾಸರಿ ಚಲನಶಕ್ತಿ ಎಲ್ಲಕ್ಕೂ ಸಮ ಎಂಬ ಮಾತು ಅದರಲ್ಲಿತ್ತು. ಇಂದು ಭೌತವಿಜ್ಞಾನದ ಬುನಾದಿಗಳಲ್ಲಿ ಒಂದಾದ ಮಾತು ಅದು.

ಪ್ರಬಂಧವನ್ನು ಪರಿಶೀಲಿಸಿದ ವಿದ್ವಾಂಸರೊಬ್ಬರು ಅದನ್ನು ಅಸಂಬದ್ಧವೆಂದು, ಸೊಸೈಟಿಯ ಮುಂದೆ ಓದುವುದಕ್ಕೂ ತಕ್ಕದ್ದಲ್ಲವೆಂದು ತಳ್ಳಿಹಾಕಿದರು. ಸಣ್ಣದೊಂದು ಸಾರಾಂಶ ಅಚ್ಚಾಯಿತು, ಅಷ್ಟೇ. ಸೊಸೈಟಿಯ ನಿಯಮದಂತೆ ಹಸ್ತಪ್ರತಿ ಬರೆದವನಿಗೆ ಹಿಂದಿರುಗಲಿಲ್ಲ. ವಾಟರ್‌ಸ್ಟನ್ ತನಗಾಗಿ ಪ್ರತಿ ಇಟ್ಟುಕೊಂಡಿರಲೂ ಇಲ್ಲ. ಮುಂದಿನ ದಶಕಗಳಲ್ಲಿ ಅದೇ ವಿಚಾರವನ್ನು ಬೇರೆಯವರು ಹೊಸದಾಗಿ ಕಂಡುಕೊಂಡು ಹೆಸರಾದರು. 1883ರ ಜೂನ್‌ನಲ್ಲಿ ಒಂದು ದಿನ ಎಡಿನ್‌ಬರೋದ ಮನೆಯಿಂದ ಹೊರಟ ವಾಟರ್‌ಸ್ಟನ್ ವಾಪಸು ಬರಲೇ ಇಲ್ಲ. 1891ರಲ್ಲಿ ಲಾರ್ಡ್ ರೇಲಿ ಸೊಸೈಟಿಯ ಹಳೆಯ ಕಾಗದಗಳ ನಡುವೆ ಆ ಹಸ್ತಪ್ರತಿಯನ್ನು ಹುಡುಕಿ ತೆಗೆದು, ಮರುವರ್ಷ ತನ್ನ ಮುನ್ನುಡಿಯೊಂದಿಗೆ ಪೂರ್ತಿ ಅಚ್ಚು ಹಾಕಿಸಿದ. ಬರೆದು 47 ವರ್ಷಗಳ ನಂತರ! ಮುಂಬಯಿಯ ಸೆಕೆಯಲ್ಲಿ ಕೂತು, ಈ ವಿಷಯ ಮಾತಾಡಬಲ್ಲ ಇನ್ನೊಬ್ಬರು ಊರಿನಲ್ಲಿರಲಿ ಇಲ್ಲದಿರಲಿ, ಕಣ್ಣಿಗೆ ಕಾಣದ ಅಣುಗಳ ಲೆಕ್ಕ ಬರೆಯುತ್ತಿದ್ದ ಆ ಮೇಷ್ಟ್ರನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1857ರಲ್ಲಿ ರುಡಾಲ್ಫ್ ಕ್ಲಾಸಿಯಸ್ ಅಣುಗಳ ವೇಗವನ್ನು ಸೆಕೆಂಡಿಗೆ ನೂರಾರು ಮೀಟರ್ ಎಂದು ಲೆಕ್ಕಹಾಕಿ ಪ್ರಕಟಿಸಿದಾಗ ಒಂದು ಒಳ್ಳೆಯ ಆಕ್ಷೇಪ ಎದ್ದಿತು. ಎತ್ತಿದವನು ಡಚ್ ಹವಾಮಾನ ವಿಜ್ಞಾನಿ ಬಾಯ್ಸ್ ಬಲ್ಲಟ್. (ಓಡುವ ರೈಲಿನ ಶಬ್ದದ ಏರಿಳಿತ ಪರೀಕ್ಷಿಸಲು ರೈಲಿನಲ್ಲಿ ಕಹಳೆ ಊದುವವರನ್ನೇ ಕೂರಿಸಿದ್ದ ಪುಣ್ಯಾತ್ಮ ಇವನೇ.) ಅಣುಗಳು ಅಷ್ಟು ವೇಗವಾಗಿ ಓಡುವುದಾದರೆ ಕೋಣೆಯ ಒಂದು ಮೂಲೆಯಲ್ಲಿ ಬಿಟ್ಟ ವಾಸನೆ ಇನ್ನೊಂದು ಮೂಲೆಗೆ ತಕ್ಷಣ ಮುಟ್ಟಬೇಕಲ್ಲ, ಯಾಕೆ ಅಷ್ಟು ಹೊತ್ತು ಬೇಕು? ದೇವರ ಮನೆಯಲ್ಲಿ ಹಚ್ಚಿದ ಊದುಬತ್ತಿಯ ಪರಿಮಳ ಪಡಸಾಲೆಗೆ ಬರಲು ತಡವಾಗುವುದನ್ನು ನಾವೆಲ್ಲ ಬಲ್ಲೆವು. ಪ್ರಶ್ನೆ ಎಷ್ಟು ಸರಳವೋ ಅಷ್ಟೇ ಚೂಪು.

ಕ್ಲಾಸಿಯಸ್ ಮರುವರ್ಷ ಕೊಟ್ಟ ಉತ್ತರ ನನಗೆ ಇಡೀ ಕತೆಯಲ್ಲಿ ಅತಿ ಪ್ರಿಯವಾದ ಭಾಗ. ಅಣು ವೇಗವಾಗಿಯೇ ಓಡುತ್ತದೆ, ಆದರೆ ದೂರ ಹೋಗಲಾರದು. ದಾರಿಯಲ್ಲಿ ಇನ್ನೊಂದು ಅಣು ಅಡ್ಡ ಬರುತ್ತದೆ, ಡಿಕ್ಕಿಯಾಗುತ್ತದೆ, ದಿಕ್ಕು ಬದಲಾಗುತ್ತದೆ. ಇಂದಿನ ಲೆಕ್ಕದಲ್ಲಿ ಸಾಮಾನ್ಯ ಗಾಳಿಯಲ್ಲಿ ಒಂದು ಅಣುವಿಗೆ ಸೆಕೆಂಡಿಗೆ ಸುಮಾರು 700 ಕೋಟಿ ಡಿಕ್ಕಿ. ಎರಡು ಡಿಕ್ಕಿಗಳ ನಡುವೆ ಅದು ನೇರವಾಗಿ ಸಾಗುವ ದೂರ ಒಂದು ಮಿಲಿಮೀಟರಿನ ಹದಿನಾಲ್ಕು ಸಾವಿರದಲ್ಲಿ ಒಂದು ಪಾಲು. ಹೀಗಾಗಿ ಒಂದು ಸೆಕೆಂಡಿನಲ್ಲಿ ಅರ್ಧ ಕಿಲೋಮೀಟರ್ ಓಡಿದ ಅಣು, ಸೆಕೆಂಡ್ ಮುಗಿದಾಗ ಹೊರಟ ಜಾಗದಿಂದ ಬಹುಮಟ್ಟಿಗೆ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ಅರ್ಧ ಕಿಲೋಮೀಟರ್ ಓಡಿ ಒಂದು ಸೆಂಟಿಮೀಟರ್! ಅಷ್ಟೇ ಅಲ್ಲ, ಮುಂದಿನ ಸೆಕೆಂಡಿನಲ್ಲಿ ಅದು ಇನ್ನೊಂದು ಸೆಂಟಿಮೀಟರ್ ಮುಂದಕ್ಕೇ ಹೋಗುತ್ತದೆ ಎಂಬ ಭರವಸೆಯೂ ಇಲ್ಲ, ಹಿಂದಕ್ಕೂ ಬರಬಹುದು. ಎರಡು ಪಟ್ಟು ದೂರ ಹೋಗಬೇಕಾದರೆ ನಾಲ್ಕು ಪಟ್ಟು ಸಮಯ ಬೇಕು. ಗಾಳಿ ಒಂದಿಷ್ಟೂ ಮಿಸುಕದ ಕೋಣೆಯೊಂದು ನಿಜವಾಗಿ ಸಿಕ್ಕಿದರೆ, ಬರೀ ಡಿಕ್ಕಿಗಳ ಬಲದಲ್ಲಿ ಪರಿಮಳ ಮೂರು ಮೀಟರ್ ದಾಟಲು ದಿನಗಳೇ ಹಿಡಿಯುತ್ತವೆ. ಊದುಬತ್ತಿಯ ಪರಿಮಳ ನಿಮಿಷಗಳಲ್ಲಿ ನಮ್ಮನ್ನು ಮುಟ್ಟುವುದು, ಯಾವ ಕೋಣೆಯಲ್ಲೂ ಗಾಳಿ ಪೂರಾ ನಿಂತಿರುವುದಿಲ್ಲ ಎಂಬುದರಿಂದ. ಕಿಡಿಯ ಬಿಸಿಗೆ ಮೇಲೇರುವ ಗಾಳಿ, ನಾವು ಓಡಾಡುವಾಗ ಏಳುವ ಗಾಳಿ, ನಮ್ಮ ಮೈಯ ಶಾಖಕ್ಕೆ ಏಳುವ ಗಾಳಿ, ಇವು ಅದನ್ನು ಹೊತ್ತು ತರುತ್ತವೆ.

ಇನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಒಂದೊಂದೇ ಅಣುವಿನ ಬೆನ್ನು ಹತ್ತುವುದನ್ನು ಬಿಟ್ಟು, ಇಷ್ಟು ವೇಗದಲ್ಲಿರುವ ಅಣುಗಳು ನೂರಕ್ಕೆ ಎಷ್ಟು, ಅಷ್ಟು ವೇಗದಲ್ಲಿರುವವು ಎಷ್ಟು ಎಂದು ಕೇಳಿದವನು ಆತ. ಉತ್ತರವಾಗಿ 1860ರಲ್ಲಿ ಆತ ಪ್ರಕಟಿಸಿದ ಹಂಚಿಕೆಯ ಸೂತ್ರ ಇಂದಿಗೂ ಹಾಗೆಯೇ ನಿಂತಿದೆ. ಆದರೆ ಅದೇ ಪ್ರಬಂಧದಲ್ಲಿ ಆತನನ್ನೇ ಅಚ್ಚರಿಗೊಳಿಸಿದ ಇನ್ನೊಂದು ಫಲಿತಾಂಶವಿತ್ತು. ಗಾಳಿಯ ಸ್ನಿಗ್ಧತೆ, ಅಂದರೆ ಅದರೊಳಗೆ ಚಲಿಸುವ ವಸ್ತುವನ್ನು ಅದು ಜಗ್ಗಿ ತಡೆಯುವ ಗುಣ, ಗಾಳಿಯ ಸಾಂದ್ರತೆಯನ್ನು ಅವಲಂಬಿಸಿಲ್ಲ. ಅರ್ಧ ಗಾಳಿ ತೆಗೆದುಹಾಕಿದರೂ ಜಗ್ಗಾಟ ಅಷ್ಟೇ!

ಯಾರ ಬುದ್ಧಿಗೂ ಇದು ತಟ್ಟನೆ ಒಪ್ಪುವ ಮಾತಲ್ಲ. ಗಾಳಿ ತೆಳುವಾದರೆ ಅಡ್ಡಿಯೂ ಕಡಿಮೆಯಾಗಬೇಕು ಎಂದೇ ತೋರುತ್ತದೆ. ಆದರೆ ಅಣುಗಳ ನಡುವೆ ಇಳಿದು ನೋಡಿದರೆ ಕತೆ ಬೇರೆ. ವೇಗವಾಗಿ ಹರಿಯುವ ಪದರದಿಂದ ನಿಧಾನದ ಪದರಕ್ಕೆ ಅಣುಗಳು ಹಾರಿಬಂದು ತಮ್ಮ ವೇಗದ ಪಾಲನ್ನು ಅಲ್ಲಿಗೆ ತರುತ್ತವೆ. ಆ ಕೊಡುಕೊಳುವೆಯೇ ಜಗ್ಗಾಟ. ಅಣುಗಳು ಅರ್ಧವಾದರೆ ಹೀಗೆ ತರುವವರು ಅರ್ಧವಾದರು, ನಿಜ. ಆದರೆ ದಾರಿಯಲ್ಲಿ ಡಿಕ್ಕಿಗಳೂ ಅರ್ಧವಾದವು. ಹಾಗಾಗಿ ಒಂದೊಂದು ಅಣುವೂ ಎರಡು ಪಟ್ಟು ದೂರದಿಂದ, ಎರಡು ಪಟ್ಟು ವ್ಯತ್ಯಾಸವನ್ನು ಹೊತ್ತು ತರುತ್ತದೆ. ಅರ್ಧ ಮತ್ತು ಎರಡು ಪಟ್ಟು ಸೇರಿ ಲೆಕ್ಕ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ.

ಮ್ಯಾಕ್ಸ್‌ವೆಲ್ ಇದನ್ನು ಕಾಗದದ ಮೇಲೆ ಬಿಡಲಿಲ್ಲ. ಲಂಡನ್ನಿನ ಕೆನ್ಸಿಂಗ್ಟನ್ ಮನೆಯ ಅಟ್ಟದಲ್ಲಿ, 1860ರ ದಶಕದ ನಡುವೆ, ಗಾಜಿನ ತಟ್ಟೆಗಳನ್ನು ತಂತಿಗೆ ತೂಗುಹಾಕಿ, ಮುಚ್ಚಿದ ಪಾತ್ರೆಯೊಳಗೆ ಅತ್ತಿಂದಿತ್ತ ತಿರುಗಲು ಬಿಟ್ಟು, ಅವು ಎಷ್ಟು ಹೊತ್ತಿಗೆ ಸೋಲುತ್ತವೆ ಎಂದು ನೋಡಿದ. ಕೋಣೆಯ ಉಷ್ಣತೆ ಒಂದೇ ಮಟ್ಟದಲ್ಲಿರಬೇಕಿತ್ತು. ಅದಕ್ಕಾಗಿ ಹೆಂಡತಿ ಕ್ಯಾಥರೀನ್ ಬಿಸಿಲಿನ ದಿನಗಳಲ್ಲೂ ಅಲ್ಲಿ ಬೆಂಕಿ ಉರಿಸುತ್ತ, ಕೆಟಲಿನಲ್ಲಿ ನೀರು ಕುದಿಸಿ ಹಬೆ ಬಿಡುತ್ತ ಕಾಯುತ್ತಿದ್ದರು. ಪಾತ್ರೆಯೊಳಗಿನ ಒತ್ತಡವನ್ನು 30 ಇಂಚು ಪಾದರಸದಿಂದ ಅರ್ಧ ಇಂಚಿನವರೆಗೆ ಇಳಿಸಿದರೂ ತಟ್ಟೆಗಳು ಸೋಲುವ ರೀತಿ ಬದಲಾಗಲಿಲ್ಲ. ಅಣುಗಳ ಓಟವನ್ನು ಬಿಟ್ಟು ಬೇರಾವುದರಿಂದಲೂ ಊಹಿಸಲಾಗದ ಫಲಿತಾಂಶ ಅದು. ಅಟ್ಟದ ಮೇಲಿನ ಸೆಕೆಯಲ್ಲಿ ನಿಜವಾಯಿತು. ಪ್ರಬಂಧದ ತಲೆಯಲ್ಲಿ ಕ್ಯಾಥರೀನ್ ಹೆಸರಿಲ್ಲ. ಇರಬೇಕಿತ್ತು ಎಂದು ನನ್ನ ಮನಸ್ಸು ಹೇಳುತ್ತದೆ. ಗಾಳಿಯನ್ನು ತೀರಾ ತೆಳುವಾಗಿಸಿ, ಅಣು ಎಲ್ಲಿಯೂ ತಡೆಯಿಲ್ಲದೆ ಒಂದು ಗೋಡೆಯಿಂದ ಇನ್ನೊಂದಕ್ಕೆ ನೇರ ಹಾರುವಂತಾದರೆ ಮಾತ್ರ ಸ್ನಿಗ್ಧತೆಯ ಈ ನಿಯಮ ಮುರಿಯುತ್ತದೆ.

ಗಾಳಿಯ ನೆಮ್ಮದಿಯ ಗುಟ್ಟು ಸಂಖ್ಯೆಯಲ್ಲಿದೆ ಎಂದು ನನಗೆ ಅರ್ಥವಾದದ್ದು ಲುಡ್ವಿಗ್ ಬೋಲ್ಟ್ಸ್‌ಮನ್ ತೋರಿಸಿದ ದಾರಿಯಲ್ಲಿ ಒಂದು ಸಣ್ಣ ಲೆಕ್ಕ ಮಾಡಿದಾಗ. ಪೆಟ್ಟಿಗೆಯೊಂದರಲ್ಲಿ ಹತ್ತೇ ಅಣುಗಳಿವೆ ಎನ್ನೋಣ. ಯಾವುದೋ ಗಳಿಗೆಯಲ್ಲಿ ಹತ್ತೂ ಎಡ ಅರ್ಧದಲ್ಲೇ ಇರುವ ಸಂಭವ 1024ರಲ್ಲಿ ಒಂದು. ಕಾದು ಕೂತರೆ ನೋಡಲು ಸಿಗುತ್ತದೆ. ನೂರು ಅಣುಗಳಾದರೆ? 1ರ ಮುಂದೆ 30 ಸೊನ್ನೆ ಇಟ್ಟ ಸಂಖ್ಯೆಗೂ ಮಿಕ್ಕದ್ದರಲ್ಲಿ ಒಂದು. ವಿಶ್ವಕ್ಕೆ 1380 ಕೋಟಿ ವರ್ಷ. ಅದರ ಮೊದಲ ದಿನದಿಂದ ಸೆಕೆಂಡಿಗೆ ನೂರು ಕೋಟಿ ಸಲ ಆ ಪೆಟ್ಟಿಗೆಯನ್ನು ಹೊಸದಾಗಿ ಕಲಸುತ್ತ ಬಂದಿದ್ದರೂ ಆ ದೃಶ್ಯ ಕಾಣುವ ಭರವಸೆಯಿಲ್ಲ. ಇದು ಬರೀ ನೂರಕ್ಕೆ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿರುವುದು 25ರ ಮುಂದೆ 18 ಸೊನ್ನೆ ಇಟ್ಟಷ್ಟು ಅಣುಗಳು. ಕೋಣೆಯ ಗಾಳಿಯೆಲ್ಲ ಒಂದು ಮೂಲೆಗೆ ಸರಿದು ನಮ್ಮ ಉಸಿರು ಕಟ್ಟುವುದನ್ನು ಯಾವ ನಿಯಮವೂ ತಡೆದಿಲ್ಲ. ಅಣುಗಳು ಅಷ್ಟೊಂದಿವೆ ಎಂಬುದಷ್ಟೇ ತಡೆದಿದೆ. ಊದುಬತ್ತಿಯ ಹೊಗೆ ಹರಡುತ್ತದೆ, ಮತ್ತೆ ಬತ್ತಿಯ ತುದಿಗೆ ಬಂದು ಸೇರುವುದಿಲ್ಲ ಎಂಬುದರ ಹಿಂದೆಯೂ ಇದೇ ಇದೆ. ಒಂದೊಂದು ಡಿಕ್ಕಿಯನ್ನೂ ಹಿಂದುಮುಂದಾಗಿ ನಡೆಸಬಹುದು, ಡಿಕ್ಕಿಗೆ ನಿನ್ನೆ ನಾಳೆಗಳ ಭೇದವಿಲ್ಲ. ಭೇದ ಹುಟ್ಟುವುದು ಕೋಟಿ ಕೋಟಿಗಳು ಕೂಡಿದಾಗ. ನಮಗೆ ವಯಸ್ಸಾಗುವುದೂ ಕಾಫಿ ಆರುವುದೂ ಆ ಕೂಟದ ಫಲ ಎಂದುಕೊಂಡಾಗ ಮೈ ಜುಂ ಎನ್ನುತ್ತದೆ.

ಬೋಲ್ಟ್ಸ್‌ಮನ್ 1872ರಲ್ಲಿ ಬರೆದ ಸಮೀಕರಣ ಇದನ್ನೆಲ್ಲ ಒಳಗೊಂಡಿದೆ, ಆದರೆ ಬಿಡಿಸಲು ಬಹಳ ಕಷ್ಟ. ಕಷ್ಟವಿರುವುದು ಡಿಕ್ಕಿಗಳನ್ನು ವಿವರಿಸುವ ಭಾಗದಲ್ಲಿ. 1954ರಲ್ಲಿ ಪ್ರಭುಲಾಲ್ ಭಟ್ನಾಗರ್, ಯೂಜೀನ್ ಗ್ರಾಸ್, ಮ್ಯಾಕ್ಸ್ ಕ್ರೂಕ್ ಮೂವರೂ ಸೇರಿ ಅದಕ್ಕೊಂದು ಸುಲಭದ ದಾರಿ ಹುಡುಕಿದರು. ಡಿಕ್ಕಿಗಳ ವಿವರವೆಲ್ಲ ಬೇಡ. ಅನಿಲ ಮ್ಯಾಕ್ಸ್‌ವೆಲ್ಲನ ಹಂಚಿಕೆಯಿಂದ ಎಷ್ಟು ಆಚೆ ಸರಿದಿದೆಯೋ ಅಷ್ಟೇ ತೀವ್ರವಾಗಿ ಅದರತ್ತ ಮರಳುತ್ತದೆ ಎಂದು ಬರೆದರೆ ಸಾಕು ಎಂದರು. ಎರಡು ವರ್ಷಗಳ ನಂತರ ಭಟ್ನಾಗರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅನ್ವಯಿಕ ಗಣಿತ ವಿಭಾಗವನ್ನು ಕಟ್ಟಿದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಬಿಜಿಕೆ ಎಂದು ಕರೆಸಿಕೊಳ್ಳುವ ಆ ಮಾದರಿ ಜಗತ್ತಿನ ಎಲ್ಲೆಡೆ ಅನಿಲ, ದ್ರವಗಳ ಹರಿವಿನ ಲೆಕ್ಕದಲ್ಲಿ ಇಂದೂ ಬಳಕೆಯಲ್ಲಿದೆ. ಅದರ ತಿರುಳಿನಲ್ಲಿ ನನಗೆ ಕಾಣುವುದು ಮರೆವಿನ ಶಕ್ತಿ. ಕೆಲವೇ ಡಿಕ್ಕಿಗಳಲ್ಲಿ ಅಣು ತಾನು ಎಲ್ಲಿಂದ, ಯಾವ ವೇಗದಲ್ಲಿ ಬಂದೆ ಎಂಬುದನ್ನು ಮರೆತುಬಿಡುತ್ತದೆ. ಅಷ್ಟು ಬೇಗ ಮರೆಯುವುದರಿಂದಲೇ ಗಾಳಿ ಸಮತೋಲಕ್ಕೆ ಬರುತ್ತದೆ.

ಆದರೆ ಸಮತೋಲ ಎಂದೂ ನೂರಕ್ಕೆ ನೂರಲ್ಲ. ಗಾಳಿಯ ಒಂದು ತೀರ ಸಣ್ಣ ತುಣುಕನ್ನು ತೆಗೆದುಕೊಂಡರೆ ಅಲ್ಲಿ ಈಗ ಅಣುಗಳು ಒಂದಿಷ್ಟು ಹೆಚ್ಚು, ಇನ್ನೊಂದು ಕ್ಷಣಕ್ಕೆ ಒಂದಿಷ್ಟು ಕಡಿಮೆ. ಈ ಏರುಪೇರು ನಮ್ಮ ಕಿವಿಗೆ, ಚರ್ಮಕ್ಕೆ ಗೊತ್ತಾಗುವುದಿಲ್ಲ, ಆದರೆ ಕಣ್ಣಿಗೆ ಗೊತ್ತಾಗುತ್ತದೆ. ತಲೆಯೆತ್ತಿದರೆ ಕಾಣುವ ನೀಲಿ ಅದೇ. ಅಣುಗಳು ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲದೆ ಸಮವಾಗಿ ಹರಡಿದ್ದರೆ, ಅವು ಅಕ್ಕಪಕ್ಕಕ್ಕೆ ಚದುರಿಸುವ ಬೆಳಕು ಒಂದನ್ನೊಂದು ಅಳಿಸಿಕೊಂಡು ಹಗಲಲ್ಲೂ ಆಕಾಶ ಕಪ್ಪಾಗಿರುತ್ತಿತ್ತು. ಈ ಏರುಪೇರಿನ ಗಣಿತವನ್ನು ಸ್ಮೊಲುಕೊವ್‌ಸ್ಕಿ ಮತ್ತು ಐನ್‌ಸ್ಟೈನ್ 1908–1910ರಲ್ಲಿ ಬರೆದರು. ಸಿ.ವಿ. ರಾಮನ್ ಅದನ್ನು ಹಿಡಿದು ಸಮುದ್ರಕ್ಕೆ ಇಳಿಸಿದರು. 1921ರಲ್ಲಿ ಯುರೋಪಿನಿಂದ ನರ್ಕುಂಡಾ ಹಡಗಿನಲ್ಲಿ ಮರಳುವಾಗ, ಕಡಲಿನ ನೀಲಿ ಆಕಾಶದ ಬರೀ ಪ್ರತಿಬಿಂಬ ಎಂದಿದ್ದ ರೇಲಿಯ ಮಾತನ್ನು ಜೇಬಿನಲ್ಲಿದ್ದ ನಿಕೋಲ್ ಪಟ್ಟಕದಿಂದಲೇ ಪರೀಕ್ಷಿಸಿದರು. ಪ್ರತಿಬಿಂಬವನ್ನು ಅಡಗಿಸಿದರೂ ನೀಲಿ ಉಳಿಯಿತು. ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ. ಆ ಬರಹವನ್ನು ಅವರು ನೇಚರ್ ಪತ್ರಿಕೆಗೆ ಕಳುಹಿಸಿದ್ದು ಮುಂಬಯಿ ಬಂದರಿನಿಂದ, ವಾಟರ್‌ಸ್ಟನ್ ತನ್ನ ಪ್ರಬಂಧ ಬರೆದ ಊರಿನಿಂದ. ಇದು ಕಾಕತಾಳೀಯವೇ, ಆದರೂ ನನಗೆ ಅದರಿಂದ ಏನೋ ಸಮಾಧಾನ.

ವಾಟರ್‌ಸ್ಟನ್ನನ ಹಸ್ತಪ್ರತಿಯನ್ನು ಹುಡುಕಿ ತೆಗೆದ ರೇಲಿಯೇ ಆಕಾಶದ ನೀಲಿಯನ್ನು ಮೊದಲು ಸರಿಯಾಗಿ ಲೆಕ್ಕಹಾಕಿದವನು ಎಂಬುದು ಬಹಳ ಜನಕ್ಕೆ ಗೊತ್ತು. 1873ರಲ್ಲಿ ಮ್ಯಾಕ್ಸ್‌ವೆಲ್ ಆತನಿಗೊಂದು ಪತ್ರ ಬರೆದು, ಬೆಳಕನ್ನು ಚದುರಿಸುವ ಕಣಗಳು ಗಾಳಿಯ ಅಣುಗಳೇ ಆಗಿದ್ದರೆ ಆ ಚದುರಿಕೆಯಿಂದ ಅಣುಗಳ ಲೆಕ್ಕ ಸಿಗುತ್ತದೆಯೇ ಎಂದು ಕೇಳಿದ್ದ. ರೇಲಿ ಉತ್ತರ ಪ್ರಕಟಿಸಿದ್ದು 1899ರಲ್ಲಿ. ಕೇಳಿದವನು ತೀರಿಕೊಂಡು ಆಗಲೇ ಇಪ್ಪತ್ತು ವರ್ಷ. ರೇಲಿ ಹಿಡಿದ ಸಾಕ್ಷಿ ಹಿಮಾಲಯ. ಡಾರ್ಜಿಲಿಂಗಿನ ಆಸುಪಾಸಿನಿಂದ 160 ಕಿಲೋಮೀಟರ್ ದೂರದ ಎವರೆಸ್ಟ್ ಸಾಕಷ್ಟು ಬೆಳಗಿ ಕಾಣುತ್ತದೆ. ಗಾಳಿಯ ಅಣುಗಳು ಕಡಿಮೆ ಸಂಖ್ಯೆಯಲ್ಲಿ, ದಪ್ಪದಪ್ಪವಾಗಿ ಇದ್ದಿದ್ದರೆ ಅಷ್ಟು ದೂರದ ಬೆಳಕೆಲ್ಲ ದಾರಿಯಲ್ಲೇ ಚದುರಿ ಶಿಖರ ಮಬ್ಬಿನಲ್ಲಿ ಕರಗಿಹೋಗುತ್ತಿತ್ತು. ಕಾಣುತ್ತದೆ ಎಂದರೆ ಅಣುಗಳು ಅಷ್ಟು ಸಣ್ಣವು, ಅಷ್ಟು ಹೆಚ್ಚು. ಎಷ್ಟು ಹೆಚ್ಚು ಎಂದು ರೇಲಿ ಲೆಕ್ಕಹಾಕಿದಾಗ ಬಂದ ಸಂಖ್ಯೆ, ಮ್ಯಾಕ್ಸ್‌ವೆಲ್ ಬೇರೆ ದಾರಿಯಿಂದ ಪಡೆದಿದ್ದ ಸಂಖ್ಯೆಯ ಸಮೀಪಕ್ಕೇ ಬಂದಿತ್ತು.